ಲಾರಿ ಎಂಜಿನ್ ಆಫ್ ಮಾಡಿದ ಮೇಲೆ ಬಡಿಯುವ ಸದ್ದು: ಎಲ್ಲಿಂದ ಅಂತ ಹುಡುಕುವ ಮೊದಲು, ಯಾವಾಗ ಅಂತ ನೋಡಿ

'ಗಾಡಿ ಓಡುವಾಗ ಚೆನ್ನಾಗಿಯೇ ಇದೆ. ಪಿಕಪ್ ಇದೆ, ಹೊಗೆ ಇಲ್ಲ. ಆದರೆ ಕೀ ಆಫ್ ಮಾಡಿದ ಕೂಡಲೇ ಕೆಳಗಿನಿಂದ ಢಕ್ ಢಕ್ ಅಂತ ಬಡಿಯುತ್ತದೆ. ಎಂಜಿನ್ ಹೋಯ್ತಾ?' ಲಾರಿ ಮಾಲೀಕರು, ಡ್ರೈವರ್‌ಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ಹೆಚ್ಚಿನ ಸಲ ಎಂಜಿನ್ ಹೋಗಿರುವುದಿಲ್ಲ. ಎಂಜಿನ್ ಕೂತಿರುವ ರಬ್ಬರ್ ಹೋಗಿರುತ್ತದೆ, ಕ್ಲಚ್ ಪ್ಲೇಟಿನ ಸ್ಪ್ರಿಂಗ್ ಸಡಿಲವಾಗಿರುತ್ತದೆ, ಇಲ್ಲವೇ ಸೈಲೆನ್ಸರ್ ಪೈಪ್ ಚಾಸಿಗೆ ತಾಗುತ್ತಿರುತ್ತದೆ. ಆದರೆ ಒಂದೊಂದು ಗಾಡಿಯಲ್ಲಿ ಅದು ನಿಜಕ್ಕೂ ಬೇರಿಂಗ್ ಸದ್ದೇ ಆಗಿರಬಹುದು. ಹಾಗಾಗಿ ಸುಮ್ನೆ ಬಿಡುವ ಹಾಗಿಲ್ಲ.

ಈ ಲೇಖನದಲ್ಲಿ ಹೇಳುವ ಮುಖ್ಯ ವಿಷಯ ಒಂದೇ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕುವ ಮೊದಲು, ಅದು ಯಾವಾಗ ಬರುತ್ತಿದೆ ಅಂತ ಗಡಿಯಾರ ಹಿಡಿದು ನೋಡಿ. ಲೋಹದ ಚಾಸಿಯಲ್ಲಿ ಸದ್ದು ಈ ತುದಿಯಿಂದ ಆ ತುದಿಗೆ ಓಡುತ್ತದೆ, ಕಿವಿಗೆ ಜಾಗ ತಪ್ಪಿಸುತ್ತದೆ. ಸಮಯ ಹಾಗೆ ಮೋಸ ಮಾಡುವುದಿಲ್ಲ. ಎಂಜಿನ್ ನಿಲ್ಲುವ ಆ ಎರಡು ಸೆಕೆಂಡಿನಲ್ಲಿ ಬರುವ ಸದ್ದಿಗೂ, ಪೂರ್ತಿ ನಿಂತು ಒಂದು ನಿಮಿಷದ ಮೇಲೆ ಬರುವ ಸದ್ದಿಗೂ ಕಾರಣ ಪೂರ್ತಿ ಬೇರೆ.

ಇಲ್ಲಿ ಹೇಳುವುದೆಲ್ಲ ನಮ್ಮ ರಸ್ತೆಗಳಲ್ಲಿ ಓಡುವ ಡೀಸೆಲ್ ಲಾರಿ, ಟಿಪ್ಪರ್‌ಗಳ ಬಗ್ಗೆ. ಹಳೆಯ ಪಂಪ್ ಎಂಜಿನ್ ಇರಲಿ, 2020ರ ಏಪ್ರಿಲ್ ನಂತರ ಬಂದ ಬಿಎಸ್ 6 (ಹೊಗೆ ಕಡಿಮೆ ಮಾಡುವ ನಿಯಮದ) ಗಾಡಿ ಇರಲಿ, ಪರೀಕ್ಷೆಯ ಕ್ರಮ ಒಂದೇ. ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಶುರು ಮಾಡುವ ಮೊದಲು

ದೊಡ್ಡ ಸಾಮಾನು ಏನೂ ಬೇಡ. ಒಳ್ಳೆಯ ಟಾರ್ಚ್, ವಿಡಿಯೋ ತೆಗೆಯುವ ಫೋನ್, ಒಂದು ಹಾರೆ, ಚಕ್ರಕ್ಕೆ ಅಡ್ಡ ಕೊಡಲು ಮರದ ದಿಮ್ಮಿ, ಸೋಪಿನ ನೀರು, ಕೈಗವಸು. ಜೊತೆಗೆ ಕ್ಯಾಬಿನ್‌ನಲ್ಲಿ ಕೂರಲು ಒಬ್ಬರು. ಒಬ್ಬರೇ ಮಾಡುವ ಕೆಲಸ ಇದಲ್ಲ.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ಹಿಂದೆ ಮುಂದೆ ಎರಡೂ ಕಡೆ ದಿಮ್ಮಿ ಕೊಡಿ. ಕ್ಯಾಬಿನ್ ಎತ್ತಿದರೆ ಲಾಕ್ ಪೂರ್ತಿ ಬಿದ್ದಿದೆಯಾ ಅಂತ ಕಣ್ಣಾರೆ ನೋಡಿದ ಮೇಲೇ ಅದರ ಕೆಳಗೆ ತಲೆ ಹಾಕಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಇನ್ನೊಂದು ಮಾತು: ಕಾಮನ್ ರೈಲ್ ಎಂಜಿನ್‌ಗಳಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಎಂಜಿನ್‌ಗಳಲ್ಲಿ, ಆ ಕೊಳವೆಯ ಒತ್ತಡ 1,600 ಬಾರ್ ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ಅಷ್ಟು ಒತ್ತಡದ ಡೀಸೆಲ್ ಚರ್ಮದೊಳಗೆ ಸೂಜಿಯ ಹಾಗೆ ನುಗ್ಗುತ್ತದೆ, ಕೈ ಕಳೆದುಕೊಳ್ಳುವ ಮಟ್ಟಕ್ಕೂ ಹೋಗಬಹುದು. ಸದ್ದು ಹುಡುಕುವ ನೆಪದಲ್ಲಿ ಡೀಸೆಲ್ ಪೈಪಿನ ನಟ್ ಸಡಿಲ ಮಾಡಬೇಡಿ, ಎಂಜಿನ್ ಆಫ್ ಆಗಿದ್ದರೂ ಬೇಡ.

1. ಸದ್ದಿಗೆ ಸಮಯದ ಗುರುತು ಹಾಕಿ

ಎಂಜಿನ್ ಬಿಸಿಯಾಗಿರಲಿ. ತಣ್ಣಗಿರುವ ಗಾಡಿಯಲ್ಲಿ ಅರ್ಧ ಸದ್ದುಗಳು ಬರುವುದೇ ಇಲ್ಲ. ಫೋನ್‌ನಲ್ಲಿ ವಿಡಿಯೋ ಶುರು ಮಾಡಿ, ಫ್ಯಾನ್, ಬೆಲ್ಟ್, ಸೈಲೆನ್ಸರ್ ಇಲ್ಲದ ಕಡೆ ಚಾಸಿ ಮೇಲೆ ಭದ್ರವಾಗಿ ಇಡಿ. ಜೊತೆಗಿರುವವರು 'ಆಫ್' ಅಂತ ಜೋರಾಗಿ ಕೂಗಿ ಕೀ ತಿರುಗಿಸಲಿ. ಐದು ನಿಮಿಷ ರೆಕಾರ್ಡ್ ಆಗಲಿ. ಆಮೇಲೆ ಫೋನನ್ನು ಬೇರೆ ಜಾಗದಲ್ಲಿಟ್ಟು ಮತ್ತೆ ಮಾಡಿ: ಒಮ್ಮೆ ಎಂಜಿನ್ ಮುಂಭಾಗದ ಬಳಿ, ಒಮ್ಮೆ ಗೇರ್ ಬಾಕ್ಸ್ ಹತ್ತಿರ, ಒಮ್ಮೆ ಹಿಂದಿನ ಆಕ್ಸಲ್ ಕಡೆ.

ವಿಡಿಯೋ ಕೇಳುವಾಗ 'ಆಫ್' ಅಂದ ಕ್ಷಣದಿಂದ ಎಣಿಸಿ. ಸದ್ದು ಈ ಮೂರರಲ್ಲಿ ಒಂದು ಗುಂಪಿಗೆ ಸೇರುತ್ತದೆ: ಎಂಜಿನ್ ಇನ್ನೂ ನಿಲ್ಲುತ್ತಿರುವಾಗ, ಅಂದರೆ ಮೊದಲ ಎರಡು ಮೂರು ಸೆಕೆಂಡಿನಲ್ಲಿ; ಪೂರ್ತಿ ನಿಂತ ಮೇಲೆ ಎರಡು ಮೂರು ನಿಮಿಷದೊಳಗೆ; ಅದಕ್ಕೂ ಆಮೇಲೆ. ಮೊದಲ ಗುಂಪಿಗೆ 2ರಿಂದ 6ನೇ ಹಂತ ನೋಡಿ. ಎರಡನೆಯದಕ್ಕೆ 7, ಮೂರನೆಯದಕ್ಕೆ 8.

ಒಂದು ಸಲ ಬಂದ ಸದ್ದನ್ನು ನಂಬಬೇಡಿ. ಎಂಜಿನ್ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಕೆಲವೊಮ್ಮೆ ಬಡಿಯುತ್ತದೆ, ಕೆಲವೊಮ್ಮೆ ಇಲ್ಲ. ನಾಲ್ಕೈದು ಸಲ ಮಾಡಿ.

2. ಹ್ಯಾಂಡ್ ಬ್ರೇಕ್ ಸದ್ದನ್ನು ಬೇರೆ ಮಾಡಿ

ಇದು ಸಣ್ಣ ಹಂತ, ಆದರೆ ಬಿಡಬೇಡಿ. ಹೆಚ್ಚಿನ ಡ್ರೈವರ್‌ಗಳು ಒಂದು ಕೈಯಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ಇನ್ನೊಂದು ಕೈಯಲ್ಲಿ ಕೀ ತಿರುಗಿಸುತ್ತಾರೆ. ಏರ್ ಬ್ರೇಕ್ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಹಾಕಿದಾಗ ಬ್ರೇಕ್ ಚೇಂಬರಿನ ಗಾಳಿ ಹೊರಗೆ ಹೋಗಿ, ಒಳಗಿನ ಬಲವಾದ ಸ್ಪ್ರಿಂಗ್ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಅದರದ್ದೇ ಒಂದು 'ಢಬ್' ಇರುತ್ತದೆ. ಗಾಡಿ ಅರ್ಧ ಇಂಚು ಹಿಂದೆ ಸರಿದು ಕೂತರೆ ಪಟ್ಟಾ (ಲೀಫ್ ಸ್ಪ್ರಿಂಗ್), ಅದನ್ನು ಹಿಡಿಯುವ ಶಾಕಲ್ ಪಿನ್, ಜಾಯಿಂಟಿನ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟಿನ) ಕ್ರಾಸ್ ಎಲ್ಲ ತಮ್ಮ ಸಡಿಲ ತೀರಿಸಿಕೊಂಡು 'ಟಕ್' ಅನ್ನುತ್ತವೆ.

ಹಾಗಾಗಿ ಹ್ಯಾಂಡ್ ಬ್ರೇಕ್ ಮೊದಲು ಹಾಕಿ, ಕಾಲಿನ ಬ್ರೇಕ್ ಬಿಡಿ, ಗಾಡಿ ಕೂರಲಿ. ಅರ್ಧ ನಿಮಿಷ ಬಿಟ್ಟು ಕೀ ಆಫ್ ಮಾಡಿ. ಸದ್ದು ಬರಲಿಲ್ಲ ಅಂದರೆ ನಿಮ್ಮ ಹುಡುಕಾಟ ಎಂಜಿನ್ ಬಿಟ್ಟು ಪಟ್ಟಾ ಬುಷ್, ಶಾಕಲ್ ಪಿನ್, ಜಾಯಿಂಟ್ ಕಡೆ ಹೋಗಬೇಕು. ಜಾಯಿಂಟನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಸಡಿಲ ಕೈಗೇ ತಿಳಿಯುತ್ತದೆ. ಇದನ್ನು ದಿಮ್ಮಿ ಕೊಟ್ಟು, ಎಂಜಿನ್ ಆಫ್ ಇರುವಾಗ ಮಾತ್ರ ಮಾಡಿ.

3. ಕ್ಲಚ್ ಒತ್ತಿ ಆಫ್ ಮಾಡಿ

ಎಲ್ಲ ಪರೀಕ್ಷೆಗಳಲ್ಲಿ ನನಗೆ ಅತಿ ಉಪಯುಕ್ತ ಅನ್ನಿಸುವುದು ಇದು. ಖರ್ಚಿಲ್ಲ, ಏನೂ ಬಿಚ್ಚುವುದಿಲ್ಲ, ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಗೇರ್ ನ್ಯೂಟ್ರಲ್‌ನಲ್ಲಿರಲಿ. ಮೊದಲು ಕ್ಲಚ್ ಮುಟ್ಟದೆ ಆಫ್ ಮಾಡಿ, ಸದ್ದು ಕೇಳಿ. ಮತ್ತೆ ಸ್ಟಾರ್ಟ್ ಮಾಡಿ, ಈ ಸಲ ಕ್ಲಚ್ ಪೂರ್ತಿ ಒತ್ತಿ ಹಿಡಿದು ಆಫ್ ಮಾಡಿ.

ಏನಾಗುತ್ತಿದೆ ಅಂತ ತಿಳಿದರೆ ಉತ್ತರ ಓದುವುದು ಸುಲಭ. ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಅದುಮುತ್ತದೆ. ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಲುತ್ತದೆ, ಆದರೆ ಎಂಜಿನ್ನಿನ ಹಿಂದಿರುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಇನ್ನೂ ತಿರುಗುತ್ತಿರುತ್ತದೆ. ಪ್ರತಿ ಪಿಸ್ಟನ್ ಮೇಲೆ ಬರುವಾಗ ಅದುಮಿದ ಗಾಳಿ ತಡೆಯುತ್ತದೆ, ದಾಟಿದ ಮೇಲೆ ಅದೇ ಗಾಳಿ ತಳ್ಳುತ್ತದೆ. ವೇಗ ಇಳಿದಂತೆ ಈ ತಡೆಯುವುದು, ತಳ್ಳುವುದು ಒಂದೊಂದಾಗಿ ಗೊತ್ತಾಗತೊಡಗುತ್ತದೆ. ಕೊನೆಯಲ್ಲಿ ಒಂದು ಪಿಸ್ಟನ್ ಮೇಲೆ ದಾಟಲಾಗದೆ ಹಿಂದಕ್ಕೆ ಬರುತ್ತದೆ, ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ಒಂದಿಷ್ಟು ಉಲ್ಟಾ ತಿರುಗುತ್ತದೆ, ಆಮೇಲೆ ನಿಲ್ಲುತ್ತದೆ. ಒಳ್ಳೆಯ ಎಂಜಿನ್‌ನಲ್ಲೂ ಹೀಗೇ ಆಗುವುದು. ಆರು ಸಿಲಿಂಡರಿಗಿಂತ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಈ ಕುಲುಕಾಟ ಜಾಸ್ತಿ. ಹಾಗಾಗಿ ನಿಲ್ಲುವಾಗ ಒಂದು ಸಲ ಮೆಲ್ಲಗೆ ಕುಲುಕಿದರೆ ಹೆದರಬೇಡಿ.

ಈ ಕುಲುಕಾಟ ಗೇರ್ ಬಾಕ್ಸಿಗೆ ಹೋಗದಂತೆ ತಡೆಯಲು ಕ್ಲಚ್ ಪ್ಲೇಟಿನ ನಡುವೆ ಸುತ್ತಲೂ ದಪ್ಪ ಸ್ಪ್ರಿಂಗ್‌ಗಳಿರುತ್ತವೆ. ಅವು ಸಡಿಲವಾದರೆ ಅಥವಾ ಮುರಿದರೆ, ಎಂಜಿನ್‌ನ ಪ್ರತಿ ತಳ್ಳಾಟ ನೇರವಾಗಿ ಗೇರ್ ಹಲ್ಲುಗಳಿಗೆ ಹೋಗಿ ಕಟಕಟ ಬಡಿಯುತ್ತದೆ. ಕ್ಲಚ್ ಒತ್ತಿದಾಗ ಆ ಕೊಂಡಿ ಕಳಚುತ್ತದೆ.

ಈಗ ಉತ್ತರ: ಕ್ಲಚ್ ಒತ್ತಿದಾಗ ಸದ್ದು ಮಾಯವಾದರೆ ಅದು ಕ್ಲಚ್ ಪ್ಲೇಟ್ ಸ್ಪ್ರಿಂಗ್ ಅಥವಾ ಗೇರ್ ಬಾಕ್ಸಿನ ಮುಂದಿನ ಶಾಫ್ಟ್ ಕಡೆಯದ್ದು. ಐಡಲ್‌ನಲ್ಲಿ ನಿಂತಾಗಲೂ ಗೊರಗೊರ ಇದ್ದು ಕ್ಲಚ್ ಒತ್ತಿದರೆ ನಿಂತರೆ, ಇದು ಇನ್ನೂ ಗಟ್ಟಿ. ಎರಡೂ ಸಲ ಒಂದೇ ಥರ ಬಡಿದರೆ 4ನೇ ಹಂತಕ್ಕೆ ಹೋಗಿ. ಕ್ಲಚ್ ಒತ್ತಿದಾಗ ಮಾತ್ರ ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ನೋಡಿಸಿ, ಜೊತೆಗೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಸಡಿಲವನ್ನು ಅಳೆಸಿ. ಕ್ರ್ಯಾಂಕನ್ನು ಜಾಗದಲ್ಲಿ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದ್ದರೆ, ಕ್ಲಚ್ ಒತ್ತಿದಾಗ ಇಡೀ ಕ್ರ್ಯಾಂಕ್ ಮುಂದಕ್ಕೆ ಸರಿಯುತ್ತದೆ. ಅದನ್ನು ತಡ ಮಾಡಬಾರದು.

ಇಲ್ಲಿ ಎಡವುವ ಒಂದು ಜಾಗ ಇದೆ. ಕ್ಲಚ್ ಸೆಟ್ ಈಚೆಗೆ ಬದಲಾಯಿಸಿದ ಮೇಲೇ ಸದ್ದು ಶುರುವಾಗಿದ್ದರೆ 'ಹೊಸದು ಹಾಕಿದೀವಲ್ಲ, ಅದಲ್ಲ ಬಿಡಿ' ಅನ್ನುತ್ತಾರೆ. ಅದೇ ಮೊದಲು ನೋಡಬೇಕಾದ್ದು. ಬೇರೆ ಎಂಜಿನ್ನಿನ ಪ್ಲೇಟ್ ಅಳತೆಗೆ ಕೂತರೂ, ಅದರ ಸ್ಪ್ರಿಂಗ್ ಗಡಸುತನ ಈ ಎಂಜಿನ್ನಿಗೆ ಹೊಂದದೇ ಇರಬಹುದು. ಫ್ಲೈವೀಲ್ ಬಿಚ್ಚಿ ಹಾಕಿದ್ದರೆ ಅದರ ಬೋಲ್ಟ್‌ಗಳ ಬಿಗಿಯೂ ನೋಡಿಸಿ. ಸಡಿಲ ಫ್ಲೈವೀಲ್ ಸ್ಟಾರ್ಟ್ ಆಗುವಾಗಲೂ, ಆಫ್ ಆಗುವಾಗಲೂ ಬಡಿಯುತ್ತದೆ.

4. ಎಂಜಿನ್ ಮೌಂಟಿಂಗ್, ತಾಗುವ ಪೈಪುಗಳು

ಮೌಂಟಿಂಗ್ ಅಂದರೆ ಎಂಜಿನ್ನಿಗೂ ಚಾಸಿಗೂ ನಡುವೆ ಇರುವ ರಬ್ಬರ್ ಕುರ್ಚಿಗಳು. ಹೆಚ್ಚಿನ ಲಾರಿಗಳಲ್ಲಿ ಮುಂದೆ, ಹಿಂದೆ ಸೇರಿ ಮೂರೋ ನಾಲ್ಕೋ ಇರುತ್ತವೆ. ಮೇಲೆ ಹೇಳಿದ ಕುಲುಕಾಟವನ್ನು ನುಂಗುವ ಕೆಲಸ ಇವುಗಳದ್ದು. ರಬ್ಬರ್ ಹರಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಓಡುವಾಗ ಎಂಜಿನ್ ಒಂದೇ ಕಡೆ ಒತ್ತಿ ನಿಂತಿರುವುದರಿಂದ ಸದ್ದು ಬರುವುದಿಲ್ಲ. ಆಫ್ ಮಾಡಿದಾಗ ಆ ಕಡೆಯಿಂದ ಈ ಕಡೆಗೆ ಹೊರಳುತ್ತದೆ ನೋಡಿ, ಆಗ ಬರುತ್ತದೆ. 'ಓಡುವಾಗ ಚೆನ್ನಾಗಿದೆ, ಆಫ್ ಮಾಡಿದಾಗ ಮಾತ್ರ' ಅನ್ನುವ ದೂರಿಗೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಮೊದಲು ಕಣ್ಣಿಂದ ನೋಡಿ. ಜೊತೆಗಿರುವವರು ಆಫ್ ಮಾಡುವಾಗ ಎಂಜಿನ್ ಬದಿಯನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಕೈ, ತಲೆ, ಟವಲ್ ಯಾವುದೂ ಫ್ಯಾನ್ ಹತ್ತಿರ ಬೇಡ. ನಿಧಾನವಾಗಿ ನೋಡಿದಾಗ ಎಂಜಿನ್ ಒಂದು ಕಡೆ ಎದ್ದು ಕೂರುವುದು ಕಾಣುತ್ತದೆ. ಯಾವ ಮೂಲೆ ಜಾಸ್ತಿ ಏಳುತ್ತದೋ ಅಲ್ಲಿ ಹುಡುಕಿ.

ಆಮೇಲೆ ಎಂಜಿನ್ ಆಫ್ ಇರುವಾಗ, ತಣ್ಣಗಾದ ಮೇಲೆ, ಆ ಮೂಲೆಯ ಬ್ರಾಕೆಟ್ಟಿನ ಕೆಳಗೆ ಹಾರೆ ಕೊಟ್ಟು ಸ್ವಲ್ಪ ಮೀಟಿ. ಟಾರ್ಚ್ ಬೆಳಕಿನಲ್ಲಿ ರಬ್ಬರ್ ಮತ್ತು ಕಬ್ಬಿಣದ ತಟ್ಟೆಯ ನಡುವೆ ಗೆರೆ ಬಿಟ್ಟುಕೊಂಡರೆ ಅದು ಹೋಗಿದೆ. ಹಾರೆಯನ್ನು ಆಯಿಲ್ ಚೇಂಬರಿಗೆ ಮಾತ್ರ ಕೊಡಬೇಡಿ, ತೂತಾಗುತ್ತದೆ. ಮೇಲ್ನೋಟಕ್ಕೆ ಹರಿಯದೇ ಇದ್ದರೂ ಆಯಿಲ್ ಕುಡಿದು ಊದಿ ಮೆತ್ತಗಾದ ರಬ್ಬರ್ ಕೂಡ ಕೆಲಸಕ್ಕೆ ಬಾರದ್ದು. ಆಗ ಆಯಿಲ್ ಎಲ್ಲಿಂದ ಸೋರುತ್ತಿದೆ ಅಂತ ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಹೊಸ ರಬ್ಬರಿಗೂ ಅದೇ ಗತಿ.

ಮೌಂಟಿಂಗ್ ಚೆನ್ನಾಗಿದ್ದರೆ ಏನು ತಾಗುತ್ತಿದೆ ಅಂತ ಹುಡುಕಿ. ಲಾರಿಯ ಹೊಟ್ಟೆ ಎಲ್ಲ ಧೂಳು, ಗ್ರೀಸ್. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಜಾಗದಲ್ಲಿ ಮಾತ್ರ ಧೂಳು ಹೋಗಿ ಉಜ್ಜಿದ ಹೊಳಪು ಇರುತ್ತದೆ. ಸೈಲೆನ್ಸರ್ ಪೈಪ್ ಚಾಸಿ ದಾಟುವ ಜಾಗ, ಸೈಲೆನ್ಸರ್ ನೇತುಹಾಕಿರುವ ರಬ್ಬರ್, ಎಕ್ಸಾಸ್ಟ್ ಬ್ರೇಕಿನ ಲಿವರ್, ಏರ್ ಪೈಪ್ ಕ್ಲಿಪ್, ಬ್ಯಾಟರಿ ಪೆಟ್ಟಿಗೆಯ ಪಟ್ಟಿ, ಕ್ಯಾಬಿನ್ ಲಾಕ್ ಎಲ್ಲ ನೋಡಿ. ಹೊಳೆಯುವ ಗುರುತು ಸಿಕ್ಕರೆ ಅಲ್ಲಿ ಒಂದು ದಪ್ಪ ರಬ್ಬರ್ ತುಂಡು ಸಿಕ್ಕಿಸಿ ಮತ್ತೆ ಆಫ್ ಮಾಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ಬಿಸಿ ಪೈಪಿನ ಬಳಿ ರಬ್ಬರನ್ನು ಹಾಗೇ ಬಿಟ್ಟು ಹೋಗಬೇಡಿ, ಪರೀಕ್ಷೆ ಮುಗಿದ ಕೂಡಲೇ ತೆಗೆಯಿರಿ.

ಎಂಜಿನ್ ಮುಂಭಾಗದಲ್ಲಿ ಕ್ರ್ಯಾಂಕಿನ ಪುಲ್ಲಿಯನ್ನೂ ಒಮ್ಮೆ ನೋಡಿ. ಅದರ ಹಿಂದೆ ಡ್ಯಾಂಪರ್ ಇರುತ್ತದೆ, ಕ್ರ್ಯಾಂಕಿನ ನಡುಕ ಹೀರುವ ಭಾರದ ಬಳೆ. ಕೆಲವು ಎಂಜಿನ್‌ಗಳಲ್ಲಿ ಈ ಬಳೆಯನ್ನು ರಬ್ಬರಿನಿಂದ ಅಂಟಿಸಿರುತ್ತಾರೆ. ಐಡಲ್‌ನಲ್ಲಿ ಅದು ಅಂಕುಡೊಂಕಾಗಿ ತಿರುಗುತ್ತಿದ್ದರೆ, ರಬ್ಬರ್ ಬಿರಿದು ಹೊರಗೆ ಬಂದಿದ್ದರೆ ಗಾಡಿ ಲೋಡಿಗೆ ಕಳಿಸಬೇಡಿ. ಡ್ಯಾಂಪರ್ ಹೋದ ಎಂಜಿನ್‌ನಲ್ಲಿ ಕ್ರ್ಯಾಂಕೇ ಮುರಿಯಬಹುದು.

5. ನಿಲ್ಲಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ?

ಆರೋಗ್ಯವಾಗಿರುವ ಎಂಜಿನ್ ಐಡಲ್‌ನಿಂದ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಕೀ ಆಫ್ ಆದ ಮೇಲೂ ಟಕ್... ಟಕ್... ಟಕ್ ಅಂತ ಎಳೆದಾಡಿಕೊಂಡು ನಿಂತರೆ ಡೀಸೆಲ್ ಸರಿಯಾಗಿ ಕಟ್ ಆಗುತ್ತಿಲ್ಲ. ಒಂದೊಂದು ಸಿಲಿಂಡರಿನಲ್ಲಿ ಇನ್ನೂ ಉರಿಯುತ್ತಿದೆ, ಅದರದ್ದೇ ಬಡಿತ.

ಹಳೆಯ ಪಂಪ್ ಗಾಡಿಯಲ್ಲಿ ಇದನ್ನು ನೋಡುವುದು ಸುಲಭ. ಪಂಪಿನ ಮೇಲಿರುವ ಸ್ಟಾಪ್ ಲಿವರ್ ಅನ್ನು ಕೇಬಲ್ ಅಥವಾ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಎಳೆಯುವ ಸ್ವಿಚ್, ಕೊನೆಯ ತನಕ ಎಳೆಯುತ್ತಿದೆಯಾ ನೋಡಿ. ಕೈಯಲ್ಲೇ ಲಿವರ್ ಪೂರ್ತಿ ತಳ್ಳಿದಾಗ ಎಂಜಿನ್ ಥಟ್ಟನೆ ನಿಂತರೆ ತಪ್ಪು ಕೇಬಲ್ಲಿನದ್ದು ಅಥವಾ ಸೊಲೆನಾಯ್ಡಿನದ್ದು. ಕೈಯಲ್ಲಿ ತಳ್ಳಿದರೂ ಎಳೆದಾಡಿದರೆ ಪಂಪ್ ಅಥವಾ ಇಂಜೆಕ್ಟರ್ ಪರೀಕ್ಷೆಗೆ ಹೋಗಬೇಕು.

ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಇಂಜೆಕ್ಟರ್ ನಿಲ್ಲಿಸುತ್ತದೆ. ಜೊತೆಗೆ ಹೆಚ್ಚಿನ ಬಿಎಸ್ 6 ಎಂಜಿನ್‌ಗಳಲ್ಲಿ ಗಾಳಿ ಒಳಗೆ ಹೋಗುವ ದಾರಿಯಲ್ಲಿ ಒಂದು ಮುಚ್ಚಳ, ಅಂದರೆ ಥ್ರಾಟಲ್ ಫ್ಲಾಪ್, ಇರುತ್ತದೆ. ಹಲವು ಗಾಡಿಗಳಲ್ಲಿ ಕೀ ಆಫ್ ಮಾಡಿದಾಗ ಅದು ಮುಚ್ಚಿಕೊಳ್ಳುತ್ತದೆ. ಅದುಮಲು ಗಾಳಿಯೇ ಇಲ್ಲದ್ದರಿಂದ ಎಂಜಿನ್ ಮೆತ್ತಗೆ ನಿಲ್ಲುತ್ತದೆ. ಅದಕ್ಕೆ ಮಸಿ ಕಟ್ಟಿ ಸಿಕ್ಕಿಕೊಂಡರೆ, ಮೊದಲು ಮೆತ್ತಗೆ ನಿಲ್ಲುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಕುಲುಕಿ ನಿಲ್ಲತೊಡಗುತ್ತದೆ. ಮೌಂಟಿಂಗ್ ಬದಲಾಯಿಸಿದರೂ ಸದ್ದು ಹೋಗಲಿಲ್ಲ ಅನ್ನುವವರು ಇದನ್ನು ಸ್ಕ್ಯಾನರ್‌ನಲ್ಲಿ ನೋಡಿಸಿ.

ಇಲ್ಲೊಂದು ಗಂಭೀರ ಎಚ್ಚರಿಕೆ. ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದೆ, ವೇಗ ಏರುತ್ತಾ, ದಟ್ಟ ಹೊಗೆ ಬಿಟ್ಟರೆ ಅದು ತನ್ನದೇ ಎಂಜಿನ್ ಆಯಿಲ್ ಕುಡಿದು ಓಡುತ್ತಿದೆ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಸೀಲ್ ಹೋದಾಗ ಅಥವಾ ಆಯಿಲ್ ಮಿತಿಗಿಂತ ಜಾಸ್ತಿ ಹಾಕಿದಾಗ ಹೀಗಾಗುತ್ತದೆ. ಕ್ಯಾಬಿನ್‌ನಲ್ಲೇ ಇದ್ದರೆ ಬ್ರೇಕ್ ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಲು ನೋಡಿ. ಮುಂದೆ ಹಿಂದೆ ಯಾರೂ ಇರಬಾರದು. ಆಗದಿದ್ದರೆ ದೂರ ಸರಿಯಿರಿ. ಗಾಳಿ ಪೈಪಿನ ಬಾಯಿಗೆ ಬರಿಗೈ ಅಡ್ಡ ಇಡಲೇಬೇಡಿ.

6. ಬೇರಿಂಗ್ ಅನುಮಾನ, ಎಲ್ಲಕ್ಕಿಂತ ಕೊನೆಗೆ

ಕ್ರ್ಯಾಂಕ್ ಬೇರಿಂಗ್ ಅಥವಾ ಬಿಗ್ ಎಂಡ್ (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್) ಸವೆದಿದ್ದರೆ, ಎಂಜಿನ್ ನಿಲ್ಲುವಾಗ ಆಯಿಲ್ ಪ್ರೆಷರ್ ಬಿದ್ದ ಕೂಡಲೇ ದಪ್ಪ ದನಿಯಲ್ಲಿ ಒಂದೆರಡು 'ಢಂ' ಕೇಳಬಹುದು. ಆದರೆ ಬೇರಿಂಗ್ ಆಫ್ ಮಾಡಿದಾಗ ಮಾತ್ರ ಮಾತಾಡುವುದು ಅಪರೂಪ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಪ್ರೆಷರ್ ಏರುವ ಮೊದಲು, ಲೋಡ್‌ನಲ್ಲಿ ಏರು ಹತ್ತುವಾಗ ಕೂಡ ಕೇಳಿಸುತ್ತದೆ. ಬಿಸಿ ಐಡಲ್‌ನಲ್ಲಿ ಆಯಿಲ್ ಪ್ರೆಷರ್ ಮುಳ್ಳು ಮೊದಲಿಗಿಂತ ಕೆಳಗೆ ಇರುತ್ತದೆ. ಎಷ್ಟಿರಬೇಕು ಅಂತ ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಇರುತ್ತದೆ. ಡ್ಯಾಶ್‌ಬೋರ್ಡ್ ಮೀಟರ್ ಮೇಲೆ ಅನುಮಾನ ಇದ್ದರೆ ಹೊರಗಿನ ಗೇಜ್ ಹಾಕಿಸಿ ನೋಡಿ.

ಆಯಿಲ್ ಚೇಂಬರ್ ಬಿಚ್ಚುವ ಮೊದಲು ಆಯಿಲ್ ಫಿಲ್ಟರ್ ಕತ್ತರಿಸಿ, ಅದರ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಚೂರು ಇದ್ದರೆ, ಅದರಲ್ಲೂ ತಾಮ್ರದ ಬಣ್ಣ ಇದ್ದರೆ, ಬೇರಿಂಗಿನ ಮೇಲಿನ ಪದರ ಸವೆದು ಒಳಪದರ ಬಂದಿದೆ. ಹಲವರು ಅಯಸ್ಕಾಂತ ಅದ್ದಿ ನೋಡಿ 'ಏನೂ ಹಿಡಿಯಲಿಲ್ಲ, ಬೇರಿಂಗ್ ಚೆನ್ನಾಗಿದೆ' ಅನ್ನುತ್ತಾರೆ. ಅದು ತಪ್ಪು. ಬೇರಿಂಗ್ ಪದರದಲ್ಲಿರುವ ತಾಮ್ರ, ಸೀಸ, ತವರ, ಅಲ್ಯೂಮಿನಿಯಂ ಯಾವುದನ್ನೂ ಅಯಸ್ಕಾಂತ ಹಿಡಿಯುವುದಿಲ್ಲ. ಅದಕ್ಕೆ ಅಂಟುವುದು ಕಬ್ಬಿಣ ಮಾತ್ರ.

ಪ್ರೆಷರ್ ಸರಿ ಇದೆ, ಫಿಲ್ಟರ್ ಚೊಕ್ಕವಾಗಿದೆ, ಲೋಡ್‌ನಲ್ಲಿ ಸದ್ದಿಲ್ಲ. ಹಾಗಿದ್ದರೆ ಯಾರೇ ಹೇಳಿದರೂ ಎಂಜಿನ್ ಬಿಚ್ಚಲು ಒಪ್ಪಬೇಡಿ, 3 ಮತ್ತು 4ನೇ ಹಂತಕ್ಕೆ ವಾಪಸ್ ಹೋಗಿ. ಪ್ರೆಷರ್ ಬಿದ್ದಿದೆ, ಚೂರೂ ಇದೆ ಅಂದರೆ ಮಾತ್ರ ಗಾಡಿ ಅಲ್ಲೇ ನಿಲ್ಲಲಿ. 'ಈ ಒಂದು ಲೋಡ್ ಮುಗಿಸಿ ಬರುತ್ತೇನೆ' ಅಂತ ಹೊರಟರೆ ಬೇರಿಂಗಿನ ಖರ್ಚು ಕ್ರ್ಯಾಂಕ್, ಬ್ಲಾಕಿನ ಖರ್ಚಾಗುತ್ತದೆ.

7. ಎಂಜಿನ್ ನಿಂತ ಮೇಲೆ, ಎರಡು ಮೂರು ನಿಮಿಷದೊಳಗೆ

ಈ ಹೊತ್ತಿನ ಸದ್ದುಗಳು ಬಹುಪಾಲು ಗಾಡಿಯ ಸಹಜ ಕೆಲಸ. ಬಿಎಸ್ 6 ಗಾಡಿ ಮೊದಲ ಸಲ ತೆಗೆದುಕೊಂಡವರು ಇಲ್ಲೇ ಜಾಸ್ತಿ ಗಾಬರಿಯಾಗುತ್ತಾರೆ. ಕೀ ತೆಗೆದ ಮೇಲೂ ಒಳಗೆ ಗುಂಯ್ ಅನ್ನುತ್ತದೆ, ಟಿಕ್ ಟಿಕ್ ಅನ್ನುತ್ತದೆ. ಹೊಗೆ ಶುದ್ಧ ಮಾಡಲು ಸೈಲೆನ್ಸರಿಗೆ ಚಿಮ್ಮಿಸುವ ಯೂರಿಯಾ ದ್ರಾವಣವನ್ನು ಪಂಪ್ ಪೈಪಿನಿಂದ ವಾಪಸ್ ಟ್ಯಾಂಕಿಗೆ ಎಳೆದುಕೊಳ್ಳುವ ಸದ್ದು ಅದು. ಟರ್ಬೊ ಮತ್ತು ಇಜಿಆರ್ ವಾಲ್ವಿನ (ಹೊಗೆಯ ಒಂದು ಭಾಗವನ್ನು ಎಂಜಿನ್ನಿಗೆ ವಾಪಸ್ ಬಿಡುವ ವಾಲ್ವ್) ಮೋಟಾರ್‌ಗಳೂ ಕೆಲವು ಗಾಡಿಗಳಲ್ಲಿ ಒಮ್ಮೆ ಪೂರ್ತಿ ತೆರೆದು ಮುಚ್ಚುತ್ತವೆ. ಕೊನೆಗೆ ರಿಲೇ ಒಂದು 'ಟಿಕ್' ಅಂದು ಕಂಪ್ಯೂಟರ್ ಮಲಗುತ್ತದೆ.

ಇದು ನಡೆಯುತ್ತಿರುವಾಗ ಬ್ಯಾಟರಿ ಕಟ್‌ಆಫ್ ಸ್ವಿಚ್ ತಿರುಗಿಸಬೇಡಿ. ಹಳೆಯ ಗಾಡಿ ಓಡಿಸಿದವರಿಗೆ ಕೀ ತೆಗೆದ ಕೂಡಲೇ ಕಟ್‌ಆಫ್ ಹಾಕುವ ಅಭ್ಯಾಸ ಇರುತ್ತದೆ. ಆಗ ಯೂರಿಯಾ ಪೈಪಿನಲ್ಲೇ ಉಳಿದು, ನೀರು ಆರಿ, ಬಿಳಿ ಹರಳು ಕಟ್ಟುತ್ತದೆ. ಮುಂದೆ ಪಂಪ್ ಅಥವಾ ನಾಝಲ್ ಕಟ್ಟಿಕೊಂಡು ದೊಡ್ಡ ಬಿಲ್ ಬರುತ್ತದೆ. ಸದ್ದು ಪೂರ್ತಿ ನಿಲ್ಲುವ ತನಕ, ಕಡಿಮೆಯೆಂದರೂ ಎರಡು ನಿಮಿಷ ಕಾಯಿರಿ. ನಿಮ್ಮ ಗಾಡಿಯ ಪುಸ್ತಕ ಜಾಸ್ತಿ ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ.

ಗಾಳಿಯ ಕಡೆ ಬನ್ನಿ. ಏರ್ ಡ್ರೈಯರ್ 'ಪುಸ್' ಅಂತ ಒಮ್ಮೆ ಉಸಿರು ಬಿಟ್ಟರೆ ಸರಿ. ಎಂಜಿನ್ ನಿಂತ ಮೇಲೂ ಮತ್ತೆ ಮತ್ತೆ ಟಪ್, ಪುಸ್ ಅನ್ನುತ್ತಿದ್ದರೆ ಎಲ್ಲೋ ಸೋರುತ್ತಿದೆ. ಟ್ಯಾಂಕ್ ತುಂಬಿದಾಗ ಮುಳ್ಳು ಎಲ್ಲಿದೆ ನೋಡಿಕೊಳ್ಳಿ, ಸಾಮಾನ್ಯವಾಗಿ 8 ಬಾರ್ ಆಸುಪಾಸು ಇರುತ್ತದೆ. ಹತ್ತು ನಿಮಿಷ ಬಿಟ್ಟು ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಜಾಯಿಂಟ್‌ಗಳಿಗೆ, ವಾಲ್ವ್‌ಗಳಿಗೆ ಸೋಪಿನ ನೀರು ಹಾಕಿ ಗುಳ್ಳೆ ಹುಡುಕಿ. ಇದು ಸದ್ದಿನ ವಿಷಯ ಮಾತ್ರ ಅಲ್ಲ, ಬ್ರೇಕಿನ ವಿಷಯ.

8. ಆಮೇಲೆ ಬರುವ ಸದ್ದು: ಬಿಸಿ ಮತ್ತು ನೀರು

ಅಲ್ಲೊಂದು ಇಲ್ಲೊಂದು 'ಟಿಣ್... ಟಿಕ್' ಅಂತ, ಹೊತ್ತು ಹೋದಂತೆ ನಿಧಾನವಾಗುತ್ತಾ ಬರುವ ಸದ್ದು ಬಿಸಿ ಕಬ್ಬಿಣ ತಣ್ಣಗಾಗಿ ಕುಗ್ಗುವುದು. ಮ್ಯಾನಿಫೋಲ್ಡ್, ಸೈಲೆನ್ಸರ್, ಅದರ ಮೇಲಿನ ತಗಡು ಎಲ್ಲ ಹೀಗೆ ಸದ್ದು ಮಾಡುತ್ತವೆ. ಏನೂ ಮಾಡಬೇಕಿಲ್ಲ. ಬಿಎಸ್ 6 ಸೈಲೆನ್ಸರ್ ಭಾರವಾದ್ದರಿಂದ ಅರ್ಧ ಗಂಟೆ ತನಕ ಕೇಳಿಸಬಹುದು. ಆದರೆ ಅದರ ಫಿಲ್ಟರ್ ಮಸಿ ಸುಡುವ ಹೊತ್ತಿನಲ್ಲಿ ಒಳಗಿನ ಬಿಸಿ 600 ಡಿಗ್ರಿ ಸೆಲ್ಸಿಯಸ್ ಸಮೀಪ ಹೋಗುತ್ತದೆ. ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಒಕ್ಕಣೆಗೆ ಅಂತ ರಸ್ತೆ ಮೇಲೇ ಹರಡುತ್ತಾರೆ. ಆ ಹುಲ್ಲು ಜಾಯಿಂಟಿಗೆ, ಸೈಲೆನ್ಸರಿಗೆ ಸುತ್ತಿಕೊಂಡಿದ್ದರೆ ಗಾಡಿ ನಿಲ್ಲಿಸಿದ ಕೂಡಲೇ ಬಗ್ಗಿ ನೋಡಿ.

ಇನ್ನೊಂದು ಸದ್ದು 'ಗುಡು ಗುಡು, ಢಗ್' ಅಂತ ಎಂಜಿನ್ ಒಳಗಿಂದ, ರೇಡಿಯೇಟರ್ ಪೈಪಿನಿಂದ ಬರುತ್ತದೆ. ಇದು ನೀರು ಕುದಿಯುವ ಸದ್ದು. ಲೋಡ್ ಗಾಡಿ ಶಿರಾಡಿ ಘಾಟಿ ಹತ್ತಿ ಸಕಲೇಶಪುರದ ಕಡೆ ಟೀಗೆ ನಿಂತಿತು ಅಂತಿಟ್ಟುಕೊಳ್ಳಿ. ಡ್ರೈವರ್ ಇಳಿಯುವ ಅವಸರದಲ್ಲಿ ಕೂಡಲೇ ಆಫ್ ಮಾಡುತ್ತಾನೆ. ನೀರಿನ ಪಂಪ್ ನಿಲ್ಲುತ್ತದೆ, ಫ್ಯಾನ್ ನಿಲ್ಲುತ್ತದೆ, ಹೆಡ್ಡಿನ ಬಿಸಿ ಮಾತ್ರ ಹಾಗೇ ಇರುತ್ತದೆ. ಹರಿಯದೆ ನಿಂತ ನೀರು ಅಲ್ಲೇ ಕುದಿಯುತ್ತದೆ. ಅಷ್ಟು ಎತ್ತರದಲ್ಲಿ ತೆರೆದ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಒಳ್ಳೆಯ ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟು ಅದನ್ನು ತಡೆಯುತ್ತದೆ. 1 ಬಾರ್ ಒತ್ತಡ ಹಿಡಿದರೆ ಕುದಿಯುವ ಮಟ್ಟ 120 ಡಿಗ್ರಿ ಹತ್ತಿರಕ್ಕೆ ಏರುತ್ತದೆ. ಮುಚ್ಚಳದ ವಾಷರ್ ಬಿರಿದಿದ್ದರೆ ಆ ರಕ್ಷಣೆ ಇಲ್ಲ.

ಏರು ಹತ್ತಿದ ಮೇಲೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಲಕ್ಷ ಆರ್‌ಪಿಎಂ ತನಕ ತಿರುಗುವ ಟರ್ಬೊಗೂ ಆ ಹೊತ್ತಿನಲ್ಲಿ ಆಯಿಲ್ ಸಿಕ್ಕು ತಣ್ಣಗಾಗುತ್ತದೆ. ಹೀಗೆ ಮಾಡಿದರೂ ಗುಡುಗುಡು ನಿಲ್ಲದಿದ್ದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ, ಮುಚ್ಚಳ, ಥರ್ಮೋಸ್ಟ್ಯಾಟ್, ಫ್ಯಾನ್ ನೋಡಿಸಿ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಪೈಪ್ ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರಿನ ಗಾಳಿ ನೀರಿಗೆ ಸೇರುತ್ತಿದೆ. ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಕೂಲೆಂಟ್ ಕಡಿಮೆಯಾದಾಗೆಲ್ಲ ಬರೀ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಬಿಡಿ. ಅದರ ಸುಣ್ಣ ಒಳಗೆ ಪದರ ಕಟ್ಟಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಕುದಿತ ಇನ್ನೂ ಜಾಸ್ತಿಯಾಗುತ್ತದೆ.

9. ಗ್ಯಾರೇಜಿಗೆ ಹೋಗುವಾಗ

'ಸದ್ದು ಬರುತ್ತೆ, ನೋಡಿ' ಅಂತ ಗಾಡಿ ಬಿಟ್ಟು ಬರಬೇಡಿ. ಈ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ: ಆಫ್ ಆದ ಎಷ್ಟು ಸೆಕೆಂಡಿಗೆ ಬರುತ್ತದೆ, ಬಿಸಿಯಲ್ಲೋ ತಣ್ಣಗಿರುವಾಗಲೂನೋ, ಕ್ಲಚ್ ಒತ್ತಿದರೆ ಏನಾಗುತ್ತದೆ, ಬಿಸಿ ಐಡಲ್‌ನಲ್ಲಿ ಆಯಿಲ್ ಪ್ರೆಷರ್ ಎಷ್ಟು, ಈಚೆಗೆ ಯಾವ ಕೆಲಸ ಆಗಿದೆ. ವಿಡಿಯೋನೂ ತೋರಿಸಿ. ಒಳ್ಳೆಯ ಮೇಸ್ತ್ರಿಗೆ ಇದು ಅರ್ಧ ದಿನದ ಹುಡುಕಾಟ ಉಳಿಸುತ್ತದೆ. ಚೀಟಿ ಓದದೆ 'ಎಂಜಿನ್ ಇಳಿಸಬೇಕು' ಅನ್ನುವ ಕಡೆ ಗಾಡಿ ಬಿಡಬೇಡಿ, ಇನ್ನೊಬ್ಬರ ಹತ್ತಿರ ತೋರಿಸಿ.

ಮೌಂಟಿಂಗ್ ಬದಲಾಯಿಸುವುದೇ ಆದರೆ ಹರಿದದ್ದು ಒಂದನ್ನು ಮಾತ್ರ ಹಾಕಿಸಬೇಡಿ. ಉಳಿದವೂ ಅದೇ ವಯಸ್ಸಿನವು, ಹೊಸ ಗಟ್ಟಿ ರಬ್ಬರಿನ ಪಕ್ಕದಲ್ಲಿ ಹಳೆಯದು ಬೇಗ ಹರಿಯುತ್ತದೆ. ಎಲ್ಲ ಬೋಲ್ಟನ್ನೂ ಮೊದಲು ಸಡಿಲವಾಗಿ ಹಾಕಿ, ಎಂಜಿನ್ ಭಾರ ರಬ್ಬರ್ ಮೇಲೆ ಕೂತ ಮೇಲೆ ಬಿಗಿ ಮಾಡಬೇಕು. ಜ್ಯಾಕ್ ಮೇಲಿರುವಾಗಲೇ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಒಂದು ಲೋಡ್ ಹೋಗಿ ಬಂದ ಮೇಲೆ ಬೋಲ್ಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿಸಿ, ಅದೇ ಜಾಗದಲ್ಲಿ ಫೋನ್ ಇಟ್ಟು ಹೊಸ ವಿಡಿಯೋ ತೆಗೆದು ಹಳೆಯದರ ಜೊತೆ ಹೋಲಿಸಿ ಕೇಳಿ.